ಸಾರಿ ಹೇಳೋದು ಬಿಟ್ಟೆ, ಬೇಕಾದದ್ದು ಕೇಳೋಕೆ ಕಲಿತೆ

(ಪುಣೆಯಲ್ಲಿ ಕನ್ನಡದ ಗೆಳೆಯರು ಸೇರಿದ್ದ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ವಿಡಿಯೊ ನೋಡಲು ಸಮಯ ಇಲ್ಲದವರಿಗಾಗಿ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇವೆ.)



ಭಾನುವಾರ ಬೆಳಗಿನ ನಿದ್ದೆ ಬಿಟ್ಟು ಬಂದಿದ್ದೀರಿ. ಕೆಲವರು ಹಿಂಜವಡಿ, ವಾಕಡ್ ಕಡೆಯಿಂದ, ಕೆಲವರು ಖರಾಡಿಯಿಂದ, ಅಂದ್ರೆ ಊರಿನ ಆ ತುದಿಯಿಂದ. ತುಂಬಾ ಥ್ಯಾಂಕ್ಸ್. ನಾನು ಇಲ್ಲಿಗೆ ಸಮಯಕ್ಕೆ ಸರಿಯಾಗಿ ಬರೋಕೆ ಮೂರು ಅಲಾರಂ ಇಟ್ಟಿದ್ದೆ. ಒಂದು ಏಳೋಕೆ, ಇನ್ನೊಂದು ಸ್ನಾನಕ್ಕೆ ಹೋಗೋಕೆ, ಮೂರನೆಯದು ಫೋನ್ ಕೆಳಗಿಟ್ಟು ಚಪ್ಪಲಿ ಹಾಕ್ಕೊಳ್ಳೋಕೆ. ನಗಿ, ಪರವಾಗಿಲ್ಲ. ಮೂರು ವರ್ಷದ ಹಿಂದೆ ಆಗಿದ್ರೆ ಈ ಅಲಾರಂ ವಿಷಯ ಯಾರಿಗೂ ಹೇಳ್ತಿರಲಿಲ್ಲ. ಇವತ್ತು ಮೈಕ್ ಹಿಡ್ಕೊಂಡು ಹೇಳ್ತಾ ಇದ್ದೀನಿ. ಈ ನಡುವೆ ಏನಾಯ್ತು ಅನ್ನೋದೇ ಇವತ್ತಿನ ಮಾತು.

ನಾನು ಗದಗ ಜಿಲ್ಲೆಯ ಒಂದು ಸಣ್ಣ ಊರಿನವಳು. ಇಂಜಿನಿಯರಿಂಗ್ ಹುಬ್ಬಳ್ಳಿಯಲ್ಲಿ ಓದಿದೆ. ಪುಣೆಗೆ ಬಂದು ಹದಿನಾರು ವರ್ಷ ಆಯ್ತು. ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರೊಡಕ್ಷನ್ ಸಪೋರ್ಟ್ ಕೆಲಸ. ಗಂಡ, ಒಬ್ಬಳು ಮಗಳು. 36ನೇ ವಯಸ್ಸಿನಲ್ಲಿ ನನಗೆ ಎಡಿಎಚ್‌ಡಿ ಇದೆ ಅಂತ ಡಾಕ್ಟರು ಹೇಳಿದರು. ನಾನು ಡಾಕ್ಟರ್ ಅಲ್ಲ, ಕೌನ್ಸೆಲರ್ ಕೂಡ ಅಲ್ಲ. ನನ್ನ ಅನುಭವ ಹೇಳ್ತೀನಿ, ಓದಿ ತಿಳ್ಕೊಂಡಿದ್ದು ಸ್ವಲ್ಪ ಹೇಳ್ತೀನಿ. ಅಷ್ಟೇ.

ಶಾಣ್ಯಾಕಿ ಅದಾಳ, ಆದ್ರ ಧ್ಯಾಸ ಇಲ್ಲ

ನಮ್ಮ ಕಡೆ ಒಂದು ಮಾತಿದೆ. ಶಾಲೆಯಲ್ಲಿ ಮಾಸ್ತರು ಪ್ರತಿ ವರ್ಷ ಅಪ್ಪನಿಗೆ ಹೇಳ್ತಿದ್ದ ಮಾತು: "ಶಾಣ್ಯಾಕಿ ಅದಾಳ್ರೀ, ಆದ್ರ ಧ್ಯಾಸ ಇಲ್ಲ." ಧ್ಯಾಸ ಅಂದ್ರೆ ಗಮನ, ಲಕ್ಷ್ಯ. ಇದು ಹೊಗಳಿಕೆಯೋ ಬೈಗುಳವೋ ನನಗೆ ಗೊತ್ತಾಗ್ತಿರಲಿಲ್ಲ. ಈಗ ಯೋಚನೆ ಮಾಡಿದ್ರೆ ಬೈಗುಳದಲ್ಲೇ ಇದು ಕೆಟ್ಟದ್ದು ಅನ್ಸುತ್ತೆ. ದಡ್ಡಿ ಅಂದ್ರೆ ಅಲ್ಲಿಗೆ ಮುಗೀತು. ಶಾಣ್ಯಾಕಿ ಅಂದುಬಿಟ್ರೆ, ನಿನ್ನ ಕೈಲಿ ಆಗುತ್ತೆ, ಆದ್ರೂ ನೀನು ಬೇಕಂತಲೇ ಮಾಡ್ತಾ ಇಲ್ಲ ಅಂತ ಅರ್ಥ. ಅಂದ್ರೆ ತಪ್ಪು ಬುದ್ಧಿಯದ್ದಲ್ಲ, ಗುಣದ್ದು. ಮೂವತ್ತು ವರ್ಷ ನಾನು ಇದನ್ನ ನಂಬಿದ್ದೆ.

ಆದ್ರೆ ಊರಲ್ಲಿ ಇದ್ದಷ್ಟು ದಿನ ಬದುಕು ಹೇಗೋ ನಡೀತು. ಅವ್ವ ಬೆಳಗ್ಗೆ ಚೀಲ ತುಂಬಿ ಕೈಗೆ ಕೊಡ್ತಿದ್ದಳು. ಶಾಲೆಯಲ್ಲಿ ಗಂಟೆ ಹೊಡೀತಿತ್ತು. ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ "ನಾಳೆ ಇಂಟರ್ನಲ್ಸ್ ಐತಿ, ಏಳು" ಅಂತ ಎಬ್ಬಿಸ್ತಿದ್ದಳು. ಪರೀಕ್ಷೆ ಹಿಂದಿನ ರಾತ್ರಿ ಕೂತು ಓದಿ ಫಸ್ಟ್ ಕ್ಲಾಸ್ ತಗೋತಿದ್ದೆ. ಆ ಭಯ ಬರೋವರೆಗೂ ಪುಸ್ತಕ ತೆರೆಯೋಕೇ ಆಗ್ತಿರಲಿಲ್ಲ.

ಪುಣೆಗೆ ಬಂದ ಮೇಲೆ ಒಂದೊಂದೇ ಆಸರೆ ಕಳಚಿತು. ಇಲ್ಲಿ ಕೂತಿರೋ ನಮ್ಮೆಲ್ಲರಿಗೂ ಇದು ಗೊತ್ತಿರೋ ವಿಷಯ. ಊರು ಬಿಟ್ಟು ಬಂದಾಗ ಊಟ, ಭಾಷೆ, ಹಬ್ಬ ಮಿಸ್ ಆಗುತ್ತೆ ಅಂತ ಹೇಳ್ತೀವಿ. ನಮಗೇ ಗೊತ್ತಿಲ್ಲದೆ ನಮ್ಮನ್ನ ನೆಟ್ಟಗೆ ನಿಲ್ಲಿಸಿದ್ದ ಜನ ಕೂಡ ಹಿಂದೆ ಉಳಿದುಬಿಡ್ತಾರೆ. ಬಾಡಿಗೆ ಅಗ್ರಿಮೆಂಟ್, ಗ್ಯಾಸ್ ಬುಕಿಂಗ್, ಟ್ಯಾಕ್ಸ್ ರಿಟರ್ನ್, ಆಮೇಲೆ ಮದುವೆ, ಮಗು, ಮಗುವಿನ ಟಿಫಿನ್, ಲಸಿಕೆ ಕಾರ್ಡು. ಎಲ್ಲದಕ್ಕೂ ನಾನೇ ಧ್ಯಾಸ ಇಟ್ಕೋಬೇಕು. ಆದರೂ ಆಫೀಸ್ ಅಂತ ಒಂದು ಚೌಕಟ್ಟು ಇತ್ತು. ಬಸ್ಸಿನ ಟೈಮು, ಪಕ್ಕದ ಸೀಟಿನವರು, ಊಟದ ಹೊತ್ತು. 2020ರಲ್ಲಿ ಲಾಕ್‌ಡೌನ್ ಆಗಿ ಅದೂ ಹೋಯ್ತು. ಊಟದ ಟೇಬಲ್ಲೇ ಆಫೀಸು, ಅದೇ ಮಗಳ ಕ್ಲಾಸ್‌ರೂಮು. ದಿನಕ್ಕೆ ಎರಡು ಸಲ ಹಾಲು ಉಕ್ಕಿ ಹೋಗೋದು. ಹನ್ನೊಂದು ಗಂಟೆ ಕಾಲ್‌ಗೆ ಹನ್ನೊಂದೂ ಇಪ್ಪತ್ತಕ್ಕೆ "ಸಾರಿ, ಸಾರಿ" ಅಂತ ಸೇರೋದು.

ನನ್ನ ಚಾಟ್‌ನಲ್ಲಿ ಒಂದು ದಿನ "ಸಾರಿ" ಅಂತ ಹುಡುಕಿ ನೋಡಿದೆ. ಸ್ಕ್ರೋಲ್ ಮಾಡಿದಷ್ಟೂ ಬರ್ತಾನೇ ಇತ್ತು.

ನಾನೇ ಬರೆದ ಚೆಕ್‌ಲಿಸ್ಟು

ಈಗ ಒಂದು ಘಟನೆ ಹೇಳ್ತೀನಿ. ಶನಿವಾರ ರಾತ್ರಿ ರಿಲೀಸ್. 22 ಹೆಜ್ಜೆಯ ಚೆಕ್‌ಲಿಸ್ಟು. ಶುರುವಲ್ಲಿ ರಾತ್ರಿ ಓಡುವ ಒಂದು ಜಾಬ್ ನಿಲ್ಲಿಸಬೇಕು, ಎಲ್ಲ ಮುಗಿದ ಮೇಲೆ ಅದನ್ನ ಮತ್ತೆ ಚಾಲೂ ಮಾಡಬೇಕು. ನಾನು ನಿಲ್ಲಿಸಿದೆ, ಚಾಲೂ ಮಾಡೋದು ಮರೆತೆ. ಟಿಕ್ ಮಾತ್ರ ಹಾಕಿದ್ದೆ. ಸೋಮವಾರ ಬೆಳಗ್ಗೆ ಕ್ಲೈಂಟ್‌ಗೆ ಹೋಗಬೇಕಾದ ಒಂದು ರಿಪೋರ್ಟೂ ಹೋಗಿರಲಿಲ್ಲ.

ಕಾಲ್‌ನಲ್ಲಿ ಹದಿನಾಲ್ಕು ಜನ. ಮ್ಯಾನೇಜರ್ ಕೇಳಿದ್ರು: "ಈ ಸ್ಟೆಪ್ ನಿಮಗೆ ಗೊತ್ತಿರಲಿಲ್ವಾ?" ನಾನು ಸುಮ್ಮನಿದ್ದೆ. ಯಾಕಂದ್ರೆ ಆ ಚೆಕ್‌ಲಿಸ್ಟ್ ಬರೆದಿದ್ದೇ ನಾನು. ಆ ಸ್ಟೆಪ್‌ಗೆ ಕೆಂಪು ಬಣ್ಣ ಹಚ್ಚಿದ್ದೂ ನಾನೇ.

ಇದೇ ನಾನು, ರಾತ್ರಿ ಎರಡು ಗಂಟೆಗೆ ಸಿಸ್ಟಮ್ ಬಿದ್ದಾಗ ಎಲ್ಲರಿಗಿಂತ ಮೊದಲು ಕಾರಣ ಹುಡುಕುತ್ತಿದ್ದವಳು. ಆಗ ತಲೆ ಕನ್ನಡಿ ಥರ ಸ್ವಚ್ಛ. ಆದ್ರೆ ಶುಕ್ರವಾರದ ಟೈಮ್‌ಶೀಟ್ ತುಂಬೋಕೆ ಐದು ನಿಮಿಷ ಬೇಕಾಗಿದ್ದರೆ, ಆ ಐದು ನಿಮಿಷ ಮೂರು ವಾರ ಆದ್ರೂ ಸಿಗ್ತಿರಲಿಲ್ಲ. ಹೀಗಾಗಿ ಜನ ಏನಂತಾರೆ? ಮನಸ್ಸಿದ್ದಾಗ ಮಾಡ್ತಾಳೆ, ಇಲ್ಲದಿದ್ರೆ ಇಲ್ಲ. ನಾನೂ ನನ್ನ ಬಗ್ಗೆ ಅದನ್ನೇ ಅಂದ್ಕೊಂಡಿದ್ದೆ.

ಆ ಸೋಮವಾರ ರಾತ್ರಿ ಬಾತ್‌ರೂಮ್‌ನಲ್ಲಿ ನಲ್ಲಿ ಬಿಟ್ಕೊಂಡು ಅತ್ತೆ. ಕೆಲಸ ಬಿಡ್ತೀನಿ ಅಂತ ಗಂಡನಿಗೆ ಹೇಳಿದೆ. ಅವರು, "ಬಿಡೋದಾದ್ರೆ ಬಿಡು, ಆದ್ರೆ ಮೊದಲು ಒಂದ್ಸಲ ಯಾರಿಗಾದ್ರೂ ತೋರಿಸೋಣ" ಅಂದ್ರು. ನನಗೆ ಸಿಟ್ಟು ಬಂತು. ನಂಗೇನು ಹುಚ್ಚು ಹಿಡಿದಿದೆಯಾ ಅಂದೆ. ಆಮೇಲೆ ಎರಡು ತಿಂಗಳು ಬಿಟ್ಟು ನಾನೇ ಹೋದೆ.

ಡಾಕ್ಟರ ಹತ್ತಿರ

ಎಡಿಎಚ್‌ಡಿ ಅಂತ ತೋರಿಸೋ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಮಾತಾಡಿಯೇ ತಿಳ್ಕೋಬೇಕು. ನನ್ನ ಮನೋವೈದ್ಯರು ಮೊದಲು ಥೈರಾಯ್ಡ್ ಮಾಡಿಸಿದ್ರು. ನಿದ್ದೆ ಬಗ್ಗೆ, ಖಿನ್ನತೆ, ಆತಂಕದ ಬಗ್ಗೆ ಕೇಳಿದ್ರು, ಯಾಕಂದ್ರೆ ಇವುಗಳಿಂದಲೂ ಗಮನ ಚದುರುತ್ತೆ. ಆಮೇಲೆ ಬಾಲ್ಯದ ಬಗ್ಗೆ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಈಗ ರೀಲ್ಸ್ ನೋಡಿ ನನಗೂ ಇದೆ, ನಿನಗೂ ಇದೆ ಅನ್ನೋದು ಜಾಸ್ತಿ ಆಗಿದೆ. ಕೀ ಎಲ್ಲಿಟ್ಟೆ ಅಂತ ಎಲ್ಲರೂ ಮರೀತಾರೆ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಅನ್ನೋ ಕೈಪಿಡಿ 2013ರಲ್ಲಿ ಬಂತು. ಅದರ ಪ್ರಕಾರ 17 ವರ್ಷ ಮೇಲ್ಪಟ್ಟವರಲ್ಲಿ ಕನಿಷ್ಠ ಐದು ಲಕ್ಷಣ ಇರಬೇಕು. ಕೆಲವು 12 ವರ್ಷಕ್ಕೆ ಮುಂಚೆಯೇ ಕಾಣಿಸಿರಬೇಕು. ಮನೆ, ಕೆಲಸ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಇರಬೇಕು, ಅದರಿಂದ ಬದುಕಿಗೆ ನಿಜವಾದ ತೊಂದರೆ ಆಗ್ತಿರಬೇಕು. ಅಂದ್ರೆ ಹೋದ ವರ್ಷ ಹೊಸ ಪ್ರಾಜೆಕ್ಟ್‌ಗೆ ಹೋದ ಮೇಲೆ ಶುರುವಾದದ್ದು ಸಾಮಾನ್ಯವಾಗಿ ಇದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆರು ಪ್ರಶ್ನೆಯ ಒಂದು ಸಣ್ಣ ಪಟ್ಟಿ ಇದೆ, ಎಎಸ್‌ಆರ್‌ಎಸ್ ಅಂತ. ಡಾಕ್ಟರ ಹತ್ತಿರ ಹೋಗಬೇಕಾ ಅಂತ ಯೋಚಿಸೋಕೆ ಅದು ಸಾಕು. ತೀರ್ಪು ಕೊಡೋಕೆ ಸಾಲದು.

ಅವ್ವನಿಗೆ ಫೋನ್ ಮಾಡಿ ಹಳೇ ಪ್ರಗತಿ ಪತ್ರದ ಫೋಟೊ ಕಳಿಸು ಅಂದೆ. ಮೂರನೇ ಕ್ಲಾಸಿನದ್ದು ಸಿಕ್ಕಿತು. ಡಾಕ್ಟರಿಗೆ ಕನ್ನಡ ಬರಲ್ಲ. ಅಲ್ಲಿವರೆಗೂ ಎಲ್ಲಾ ಇಂಗ್ಲಿಷಲ್ಲಿ ಹೇಳ್ತಾ ಬಂದಿದ್ದೆ, ಚೆನ್ನಾಗೇ ಹೇಳ್ತಿದ್ದೆ. ಮಾಸ್ತರು ಬರೆದದ್ದನ್ನ ಓದಿ ಅರ್ಥ ಹೇಳಿ ಅಂದ್ರು. ಓದಿದೆ. ಅರ್ಥ ಹೇಳೋಕೆ ಆಗಲಿಲ್ಲ, ಗಂಟಲು ಕಟ್ಟಿತು.

ಆ ದಿನ ಎರಡು ಆಯ್ತು. ಒಂದು, ಹಗುರ. ಇನ್ನೊಂದು, ಸಂಕಟ. ಎಂಟನೇ ವಯಸ್ಸಲ್ಲೇ ಯಾರಾದ್ರೂ ಹೇಳಿದ್ರೆ? ತರಗತಿಯಲ್ಲಿ ಓಡಾಡಿ ಗಲಾಟೆ ಮಾಡುವ ಹುಡುಗ ಬೇಗ ಕಣ್ಣಿಗೆ ಬೀಳ್ತಾನೆ. ಕಿಟಕಿ ನೋಡ್ತಾ ಸುಮ್ಮನೆ ಕೂತಿರೋ ಹುಡುಗಿಯನ್ನ ಯಾರೂ ಗಮನಿಸಲ್ಲ. ಹೆಣ್ಣುಮಕ್ಕಳಲ್ಲಿ ಇದು ತಡವಾಗಿ ಗೊತ್ತಾಗೋದು ಪ್ರಪಂಚದ ಎಲ್ಲ ಕಡೆ ಕಂಡಿರೋ ಸಂಗತಿ.

ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ವರ್ಷಗಟ್ಟಲೆ ಹೇಳ್ತಾ ಬಂದಿರೋ ಒಂದು ವಿಷಯ ನನಗೆ ಕಣ್ಣು ತೆರೆಸಿತು. ಏನು ಮಾಡಬೇಕು ಅಂತ ಗೊತ್ತಿಲ್ಲದಿರೋದು ಇಲ್ಲಿ ಸಮಸ್ಯೆ ಅಲ್ಲ, ಗೊತ್ತಿರೋದನ್ನ ಆ ಹೊತ್ತಿಗೆ ಮಾಡೋಕೆ ಆಗದಿರೋದು ಸಮಸ್ಯೆ. ಮ್ಯಾನೇಜರ್ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿತ್ತು. ನನಗೆ ಸ್ಟೆಪ್ ಗೊತ್ತಿತ್ತು. ಹಾಗಾಗಿ ಇನ್ನೊಂದು ಟ್ರೈನಿಂಗ್ ಕೊಟ್ರೂ, ಇನ್ನೊಂದ್ಸಲ ಬೈದ್ರೂ ಉಪಯೋಗ ಇಲ್ಲ. ಆ ಹೊತ್ತಿಗೆ, ಆ ಜಾಗದಲ್ಲಿ ಏನಾದ್ರೂ ಏರ್ಪಾಡು ಬೇಕು.

ಮಾತ್ರೆ ತಗೋತೀನಾ? ಹೌದು. ಬಿಪಿ ನೋಡಿ, ನಿಧಾನವಾಗಿ ಡೋಸ್ ಹೊಂದಿಸಿ ಕೊಟ್ಟರು. ನನಗೆ ಸಹಾಯ ಆಗಿದೆ, ಎಲ್ಲರಿಗೂ ಒಂದೇ ಥರ ಆಗಲ್ಲ. ಗೆಳೆಯರ ಮಾತ್ರೆ ತಂದು ನುಂಗಬೇಡಿ, ಅದು ಚೀಟಿ ಇಲ್ಲದೆ ಕೊಡುವ ಔಷಧಿಯೂ ಅಲ್ಲ. ಇನ್ನೊಂದು, ಮಾತ್ರೆ ಬಂದು ಟೈಮ್‌ಶೀಟ್ ತುಂಬಲ್ಲ. ಕೂರೋಕೆ ಅನುವು ಮಾಡಿಕೊಡುತ್ತೆ, ತುಂಬಬೇಕಾದವಳು ನಾನೇ.

ಮ್ಯಾನೇಜರ್ ಹತ್ತಿರ ಏನು ಕೇಳಿದೆ

ಈಗ ಇವತ್ತಿನ ಮುಖ್ಯ ಮಾತಿಗೆ ಬರ್ತೀನಿ. ಇಷ್ಟು ವರ್ಷ ನಾನು ಮಾಡಿದ್ದು ಒಂದೇ ಕೆಲಸ, ಕ್ಷಮೆ ಕೇಳೋದು. ಸಾರಿ ಅಂದಾಗ ಎದುರಿನವರು "ಇಟ್ಸ್ ಓಕೆ" ಅಂತಾರೆ, ಮುಂದಿನ ವಾರ ಅದೇ ತಪ್ಪು ಆಗುತ್ತೆ. ಅವರಿಗೆ ನನ್ನ ಮೇಲೆ ನಂಬಿಕೆ ಸ್ವಲ್ಪ ಕಡಿಮೆ ಆಗಿರುತ್ತೆ. ನನಗೆ ನನ್ನ ಮೇಲೆ ಇನ್ನೂ ಜಾಸ್ತಿ ಕಡಿಮೆ ಆಗಿರುತ್ತೆ. ಕ್ಷಮೆಯಿಂದ ಯಾವುದೂ ಬದಲಾಗಲಿಲ್ಲ.

ಹಾಗಾಗಿ ಒಂದು ಹಾಳೆ ತಗೊಂಡು ಬರೆದೆ: ಎಲ್ಲಿ ಎಡವುತ್ತೀನಿ, ಅಲ್ಲಿ ಏನಿದ್ದರೆ ಎಡವಲ್ಲ. ಮೂರು ಸಾಲು ಆಯ್ತು. ಮ್ಯಾನೇಜರ್ ಹತ್ತಿರ ಹೋದೆ. ಖಾಯಿಲೆಯ ಹೆಸರು ಹೇಳಲಿಲ್ಲ. ಕೆಲಸದ ಭಾಷೆಯಲ್ಲೇ ಕೇಳಿದೆ.

ಮೊದಲನೆಯದು, ಕಾಲ್‌ನಲ್ಲಿ ಹೇಳಿದ ಕೆಲಸವನ್ನ ಎರಡು ಸಾಲಿನಲ್ಲಿ ಬರೆದು ಕಳಿಸಿ. ನೀವು ಬರೆಯೋಕೆ ಆಗದಿದ್ರೆ ನಾನು ಬರೆದು ಕಳಿಸ್ತೀನಿ, ನೀವು "ಯೆಸ್" ಅನ್ನಿ.

ಎರಡನೆಯದು, ರಿಲೀಸ್ ರಾತ್ರಿ ಚೆಕ್‌ಲಿಸ್ಟನ್ನ ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಮಾಡಲಿ. ವಿಮಾನದ ಪೈಲಟ್‌ಗಳು ಹೀಗೇ ಮಾಡ್ತಾರೆ, ಅವರನ್ನ ಯಾರೂ ಧ್ಯಾಸ ಇಲ್ಲದವರು ಅನ್ನಲ್ಲ.

ಮೂರನೆಯದು, ಬೆಳಗ್ಗೆ ಹತ್ತರಿಂದ ಹನ್ನೆರಡು ಮೀಟಿಂಗ್ ಬೇಡ.

ಮೊದಲ ಎರಡಕ್ಕೆ ಒಪ್ಪಿದ್ರು. ಮೂರನೆಯದು ಆಗಲ್ಲ, ಆ ಹೊತ್ತಿಗೇ ಸ್ಟ್ಯಾಂಡಪ್ ಇರುತ್ತೆ ಅಂದ್ರು. ಸರಿ ಅಂದೆ. ನನಗೆ ಆಶ್ಚರ್ಯ ಆಗಿದ್ದು ಏನು ಗೊತ್ತಾ? ಆರು ತಿಂಗಳಲ್ಲಿ ಗಟ್ಟಿಯಾಗಿ ಓದೋದು ಇಡೀ ಟೀಮಿನ ಅಭ್ಯಾಸ ಆಯ್ತು. ನನ್ನ ಥರದ ಸಮಸ್ಯೆ ಇಲ್ಲದವರಿಗೂ ರಾತ್ರಿ ಎರಡು ಗಂಟೆಗೆ ಕಣ್ಣು ಮಂಜಾಗುತ್ತೆ ಅಲ್ವಾ.

ಎಲ್ಲರಿಗೂ ಹೀಗೇ ಆಗುತ್ತೆ ಅಂತ ನಾನು ಹೇಳಲ್ಲ. ನನ್ನ ಗೆಳತಿಯೊಬ್ಬಳು ಬೇರೆ ಕಂಪನಿಯಲ್ಲಿ ನೇರವಾಗಿ ಹೆಸರು ಹೇಳಿದಳು. ನಿನ್ನ ಒಳ್ಳೇದಕ್ಕೇ ಅಂತ ಅವಳನ್ನ ದೊಡ್ಡ ಪ್ರಾಜೆಕ್ಟ್‌ನಿಂದ ತೆಗೆದರು. ಹಾಗಾಗಿ ಹೇಳಲೇಬೇಕು ಅನ್ನೋ ಬಾಧ್ಯತೆ ಇಟ್ಕೋಬೇಡಿ. ಎದುರಿಗೆ ಯಾರಿದ್ದಾರೆ ನೋಡಿ, ಮೊದಲು ಏರ್ಪಾಡು ಕೇಳಿ, ಹೆಸರು ಆಮೇಲೆ.

ಕಾನೂನಿನ ಮಾತನ್ನೂ ಒಂದು ನಿಮಿಷ ಹೇಳಿಬಿಡ್ತೀನಿ. ನಮ್ಮ ದೇಶದಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು. ಹಳೇ 1995ರ ಕಾಯ್ದೆಯಲ್ಲಿ 7 ವರ್ಗ ಇತ್ತು, ಇದರಲ್ಲಿ 21 ಆಯ್ತು. ಆಟಿಸಂ ಇದೆ, ಡಿಸ್ಲೆಕ್ಸಿಯಾ ಥರದ ಕಲಿಕೆಯ ತೊಂದರೆಗಳೂ ಇವೆ. ಎಡಿಎಚ್‌ಡಿ ಅನ್ನೋ ಹೆಸರು ಪಟ್ಟಿಯಲ್ಲಿ ಇಲ್ಲ. ಆದ್ರೆ ಪ್ರತಿ ಸಂಸ್ಥೆ, ಖಾಸಗಿ ಕಂಪನಿ ಕೂಡ, ಸಮಾನ ಅವಕಾಶದ ನೀತಿ ಪ್ರಕಟಿಸಬೇಕು ಅಂತ ಆ ಕಾಯ್ದೆ ಹೇಳುತ್ತೆ. ನಿಮ್ಮ ಕಂಪನಿಯ ನೀತಿ ಏನಿದೆ ಅಂತ ಒಮ್ಮೆ ತೆರೆದು ಓದಿ. ಎಚ್‌ಆರ್ ಜೊತೆ ಮಾತಾಡೋಕೆ ಮೊದಲು ಅದನ್ನ ಓದಿರೋದು ಒಳ್ಳೇದು.

ಸೂಪರ್ ಪವರ್ ಅಲ್ಲ

ನ್ಯೂರೋಡೈವರ್ಸಿಟಿ ಅನ್ನೋ ಪದ ಕೇಳಿರ್ತೀರಿ. 1990ರ ದಶಕದಲ್ಲಿ, ಆಟಿಸಂ ಇರುವವರು ತಮ್ಮ ಬಗ್ಗೆ ತಾವೇ ಮಾತಾಡೋಕೆ ಶುರು ಮಾಡಿದ ಕಾಲದಲ್ಲಿ ಬಂದ ಪದ. ಮೆದುಳುಗಳು ಒಂದೇ ಅಚ್ಚಿನವಲ್ಲ ಅಂತ ಅದರ ತಿರುಳು. ಆ ಮಾತು ನನಗೆ ಇಷ್ಟ. ಆದ್ರೆ ಅದರ ಹಿಂದೆಯೇ ಬರುವ ಇನ್ನೊಂದು ಮಾತು ಇಷ್ಟ ಆಗಲ್ಲ, ಇದು ನಿನ್ನ ಸೂಪರ್ ಪವರ್ ಅನ್ನೋದು. ಹಾಲು ಉಕ್ಕಿಸೋದು ಯಾವ ಪವರ್ರೂ ಅಲ್ಲ. ಮಗಳ ಸ್ಕೂಲ್ ಫೀ ತಡವಾಗಿ ಕಟ್ಟಿ ದಂಡ ತೆರೋದು ಪ್ರತಿಭೆ ಅಲ್ಲ.

ನನಗೆ ಅಡ್ಡ ಬರೋದು ಇನ್ನೊಂದಿದೆ. ಮೊದಲು ನಾನು ಎಲ್ಲರ ಥರ ಇದ್ದರೆ ಮಾತ್ರ ಬೆಲೆ ಇತ್ತು. ಈಗ ಎಲ್ಲರಿಗಿಂತ ವಿಶೇಷ ಆಗಿದ್ದರೆ ಮಾತ್ರ ಬೆಲೆ ಅಂದ್ರೆ, ಷರತ್ತು ಬದಲಾಯ್ತು, ಹೋಗಲಿಲ್ಲ. ರೇಟಿಂಗ್ ನನ್ನ ಆ ವರ್ಷದ ಕೆಲಸಕ್ಕೆ ಕೊಡೋದು. ಅದು ಮೂರು ಬರಲಿ, ನಾಲ್ಕು ಬರಲಿ. ಮನುಷ್ಯಳಾಗಿ ನನ್ನ ಬೆಲೆ ಆ ಫಾರ್ಮ್‌ನಲ್ಲಿ ಬರೆಯೋಕೆ ಜಾಗವೇ ಇಲ್ಲ. ಇದು ನನಗೆ ತಲೆಗೆ ಗೊತ್ತಿದೆ. ಮನಸ್ಸಿಗೆ ಇನ್ನೂ ಕೆಲವು ದಿನ ಗೊತ್ತಾಗಲ್ಲ. ಅಂಥ ದಿನವೂ ಬಚ್ಚಲಿಗೆ ಹೋಗಿ ಅಳಲ್ಲ, ಗಂಡನಿಗೆ ಹೇಳ್ತೀನಿ. ಅಷ್ಟು ಬದಲಾಗಿದ್ದೀನಿ.

ಮನೆಯಲ್ಲೂ ಏರ್ಪಾಡು ಮಾಡಿಕೊಂಡೆವು. ಕೀ, ಐಡಿ ಕಾರ್ಡು, ಕನ್ನಡಕ ಬಾಗಿಲ ಪಕ್ಕದ ಒಂದೇ ಬುಟ್ಟಿಯಲ್ಲಿ. ಹಾಲು ಕಾಯಿಸೋದು ಗಂಡನ ಕೆಲಸ, ಅದಕ್ಕೆ ಬದಲಾಗಿ ಬಟ್ಟೆ ನಂದು, ಯಾಕಂದ್ರೆ ಮೆಷಿನ್ ತಾನೇ ಕೂಗಿ ಕರೆಯುತ್ತೆ. ಟ್ಯಾಕ್ಸ್ ಪೇಪರ್ ಥರದ ಕೆಲಸಕ್ಕೆ ಚೆನ್ನೈಯಲ್ಲಿರೋ ಗೆಳತಿ ವಿಡಿಯೊ ಕಾಲ್‌ನಲ್ಲಿ ಕೂರ್ತಾಳೆ. ಮಾತಿಲ್ಲ, ಅವಳ ಕೆಲಸ ಅವಳು, ನನ್ನ ಕೆಲಸ ನಾನು. ಜೊತೆಗೊಬ್ಬರು ಕೂತಿದ್ದರೆ ಕೈ ಓಡುತ್ತೆ. ಊರಲ್ಲಿ ಹಪ್ಪಳ ಲಟ್ಟಿಸೋಕೆ ಓಣಿಯ ಹೆಂಗಸರು ಒಂದು ಕಟ್ಟೆ ಮೇಲೆ ಸೇರ್ತಿದ್ರಲ್ಲ, ಹಾಗೆ.

ಅಪ್ಪನ ಅಂಗೈ

ಕೊನೆಗೆ ಇಬ್ಬರ ಬಗ್ಗೆ ಹೇಳಿ ಮುಗಿಸ್ತೀನಿ.

ಹೋದ ವರ್ಷ ಮಗಳ ಶಾಲೆಗೆ ಹೋಗಿದ್ದೆ. ಟೀಚರ್ ಮರಾಠಿಯಲ್ಲಿ ಹೇಳಿದ್ರು: "ಹುಶಾರ್ ಆಹೇ, ಪಣ್ ಲಕ್ಷ್ ನಾಹೀ." ಬೇರೆ ಊರು, ಬೇರೆ ಭಾಷೆ, ಅದೇ ವಾಕ್ಯ. ಎಡಿಎಚ್‌ಡಿ ಮನೆತನದಲ್ಲಿ ಹರಿದು ಬರೋದು ಹೆಚ್ಚು. ಅವಳಿಗೆ ಇದೆಯೋ ಇಲ್ಲವೋ ಡಾಕ್ಟರು ನೋಡ್ತಾ ಇದ್ದಾರೆ, ನಾನು ತೀರ್ಮಾನ ಮಾಡಲ್ಲ. ಆದ್ರೆ ದಾರಿಯಲ್ಲಿ ಬರ್ತಾ ನನ್ನ ಬಾಯಿಗೆ "ಎಲ್ಲಿರ್ತದ ನಿನ್ನ ಧ್ಯಾಸ?" ಅಂತ ಬಂದೇಬಿಟ್ಟಿತ್ತು. ನುಂಗಿಕೊಂಡೆ. "ಕ್ಲಾಸಲ್ಲಿ ಯಾವ ಹೊತ್ತಿಗೆ ಕಷ್ಟ ಆಗುತ್ತೆ ಪುಟ್ಟಿ?" ಅಂತ ಕೇಳಿದೆ. ಅವಳು ಹೇಳಿದ್ದು, "ಕಿಟಕಿ ಪಕ್ಕ ಕೂತಾಗ." ಟೀಚರಿಗೆ ಹೇಳಿ ಜಾಗ ಬದಲಿಸಿದೆವು. ಇಷ್ಟೇ ಇತ್ತು. ನನಗೆ ಇದನ್ನ ಯಾರೂ ಕೇಳಿರಲಿಲ್ಲ.

ಇನ್ನು ಅಪ್ಪ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರು, ಈಗ ರಿಟೈರ್ಡ್. ಅಪ್ಪ ಕಳೆದ ಕೊಡೆಗಳ ಲೆಕ್ಕ ನಮ್ಮ ಮನೆಯ ಜೋಕು. ಸಂತೆಗೆ ಹೋಗುವಾಗ ಬೇಕಾದದ್ದೆಲ್ಲ ಪೆನ್ನಿನಲ್ಲಿ ಅಂಗೈ ಮೇಲೆ ಬರ್ಕೋತಿದ್ರು. ಉಳ್ಳಾಗಡ್ಡಿ, ಬೆಲ್ಲ, ಅವ್ವನ ಗುಳಿಗೆ. ಯಾರಾದ್ರೂ ಎದುರು ಬಂದ್ರೆ ಮುಷ್ಟಿ ಮುಚ್ಚುತ್ತಿದ್ರು. ಮಾಸ್ತರ ಕೈ ಮೇಲೆ ಹುಡುಗರ ಹಂಗೆ ಬರ್ಕೊಂಡಿದ್ದನ್ನ ಜನ ನೋಡಿದ್ರೆ ಏನಂದಾರು ಅಂತ.

ಊರಿಗೆ ಹೋದಾಗ ಎಲ್ಲಾ ಹೇಳಿದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾರ ನಿನಗ ಬೈದಿದ್ದೆಲ್ಲಾ ತಪ್ಪಾತಲ್ಲವಾ" ಅಂದ್ರು. ನಾನು, "ಇರ್ಲಿ ಅಪ್ಪಾ, ಆವಾಗ ಯಾರಿಗೆ ಗೊತ್ತಿತ್ತು" ಅಂದೆ. ಅಪ್ಪನಿಗೂ ಇದೇ ಇತ್ತಾ? ಯಾವ ಡಾಕ್ಟರೂ ಅಪ್ಪನನ್ನ ನೋಡಿಲ್ಲ, ನಾನು ಹಣೆಪಟ್ಟಿ ಹಚ್ಚಲ್ಲ. ಆದ್ರೆ ಒಂದು ಗೊತ್ತು. ಆ ಅಂಗೈ ಅಪ್ಪ ತಾವೇ ಕಂಡುಕೊಂಡ ಒಳ್ಳೇ ಏರ್ಪಾಡು. ಅದನ್ನ ಮುಚ್ಚಿಡೋಕೆ ಅವರು ಪಟ್ಟ ಕಷ್ಟ ಮಾತ್ರ ದಂಡ. ನನ್ನ ಮೂರು ಅಲಾರಂ ಅಂದ್ರೆ ಅಪ್ಪನ ಅಂಗೈ. ನಾನು ಮುಷ್ಟಿ ಬಿಚ್ಚಿದ್ದೀನಿ, ಅಷ್ಟೇ ವ್ಯತ್ಯಾಸ.

ಇದನ್ನ ಕೇಳಿ ನಿಮಗೆ ನಿಮ್ಮದೇ ಕಥೆ ಅನ್ಸಿದ್ರೆ ಒಬ್ಬ ಮನೋವೈದ್ಯರ ಹತ್ತಿರ ಹೋಗಿ. ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ರೆ, ಅಥವಾ ಒಂದು ರಾತ್ರಿ ಮನಸ್ಸು ತೀರಾ ಭಾರ ಆದ್ರೆ, ಟೆಲಿ ಮಾನಸ್ ಇದೆ. 14416. ದೇಶದ ಯಾವ ಊರಿಂದಾದ್ರೂ, ಯಾವ ಹೊತ್ತಲ್ಲಾದ್ರೂ ಮಾಡಬಹುದು, ದುಡ್ಡಿಲ್ಲ. ಕನ್ನಡದಲ್ಲೂ ಮಾತಾಡಬಹುದು. ಕೆಲವು ಮಾತಿಗೆ ನಮ್ಮ ಭಾಷೆಯೇ ಬೇಕಾಗುತ್ತೆ, ನನಗೆ ಅದು ಆ ಪ್ರಗತಿ ಪತ್ರ ಓದಿದ ದಿನ ಗೊತ್ತಾಯ್ತು.

ಈಗ ಪ್ರಶ್ನೆ ಕೇಳಿ. ಒಂದೇ ವಿನಂತಿ. ಪ್ರಶ್ನೆ ಉದ್ದ ಇದ್ದರೆ ಚೀಟಿಯಲ್ಲಿ ಬರೆದು ಕೊಡಿ. ಅರ್ಧಕ್ಕೆ ಬರೋ ಹೊತ್ತಿಗೆ ನನ್ನ ಧ್ಯಾಸ ಬೇರೆ ಕಡೆ ಹೋಗಿರುತ್ತೆ. ಸಾರಿ ಹೇಳಲ್ಲ, ಚೀಟಿ ಕೇಳ್ತಾ ಇದ್ದೀನಿ.